ಸಿಸಿಟಿವಿ ರೆಕಾರ್ಡಿಂಗ್ ಕಂಪ್ಯೂಟರ್ ಏದುಸಿರು ಬಿಡುತ್ತಿದೆಯೇ? ಪ್ರೊಸೆಸರ್ ಹೊರೆ ಇಳಿಸುವ ಕ್ರಮ

ನಾಲ್ಕು ಕ್ಯಾಮೆರಾ ಇದ್ದಾಗ ತಣ್ಣಗೆ ನಡೆಯುತ್ತಿದ್ದ ಕಂಪ್ಯೂಟರ್, ಕ್ಯಾಮೆರಾ ಎಂಟಾದ ಕೂಡಲೇ ಫ್ಯಾನ್ ಸದ್ದು ಮಾಡುತ್ತಾ ಶೇಕಡಾ 90ರ ಹೊರೆಗೆ ಹೋಗಿ ನಿಲ್ಲುತ್ತದೆ. ಲೈವ್ ಚಿತ್ರ ತಡವರಿಸುತ್ತದೆ, ರೆಕಾರ್ಡಿಂಗ್‌ನಲ್ಲಿ ನಡುನಡುವೆ ಎರಡು ಮೂರು ಸೆಕೆಂಡು ಕಾಣೆಯಾಗಿರುತ್ತದೆ, ಅಲರ್ಟ್ ಬರಬೇಕಾದ ಹೊತ್ತಿಗೆ ಬರುವುದಿಲ್ಲ. ಬಹಳಷ್ಟು ಜನ ಈ ಹಂತದಲ್ಲೇ ಹೊಸ ಪ್ರೊಸೆಸರ್ ಕೊಳ್ಳಲು ಹೊರಡುತ್ತಾರೆ. ಅದಕ್ಕೂ ಮೊದಲು ಸೆಟ್ಟಿಂಗ್ ನೋಡಬೇಕು. ಇಂಥ ಕಂಪ್ಯೂಟರುಗಳು ಸುಸ್ತಾಗುವುದು ಹೆಚ್ಚಾಗಿ ಮಾಡಬೇಕಿಲ್ಲದ ಕೆಲಸ ಮಾಡಿ.

ಐಪಿ ಕ್ಯಾಮೆರಾ ತನ್ನೊಳಗಿನ ಚಿಪ್‌ನಲ್ಲೇ ವಿಡಿಯೊವನ್ನು ಎಚ್.264 ಅಥವಾ ಎಚ್.265 ರೂಪಕ್ಕೆ ಕುಗ್ಗಿಸಿ ನೆಟ್‌ವರ್ಕ್‌ಗೆ ಬಿಡುತ್ತದೆ. ಬಂದದ್ದನ್ನು ಬಂದ ಹಾಗೇ ಡಿಸ್ಕಿಗೆ ಬರೆಯುವುದು ಪ್ರೊಸೆಸರಿಗೆ ಲೆಕ್ಕಕ್ಕೇ ಬಾರದ ಕೆಲಸ. ಬಂದ ಲಕೋಟೆಯನ್ನು ಒಡೆಯದೆ ಕಪಾಟಿನಲ್ಲಿ ಇಟ್ಟಷ್ಟೇ. ಅದನ್ನು ಬಿಡಿಸಿ ಪಿಕ್ಸೆಲ್‌ಗಳಾಗಿ ಹರಡುವುದೇ, ಅಂದರೆ ಡಿಕೋಡ್ ಮಾಡುವುದೇ, ನಿಜವಾದ ಶ್ರಮ. ಚಲನೆ ಪತ್ತೆಗೆ, ಪರದೆಯ ಮೇಲೆ ತೋರಿಸಲಿಕ್ಕೆ, ಎಐಗೆ ಕೊಡಲಿಕ್ಕೆ, ಎಲ್ಲದಕ್ಕೂ ಡಿಕೋಡ್ ಬೇಕು. ಬಿಡಿಸಿದ್ದನ್ನು ಮತ್ತೆ ಕುಗ್ಗಿಸುವ ರೀ-ಎನ್‌ಕೋಡ್ ಅದಕ್ಕಿಂತ ಹಲವು ಪಟ್ಟು ದುಬಾರಿ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡೇ. ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಬಿಡಿಸುತ್ತಿದ್ದೇವೆ? ಒಂದೇ ಚಿತ್ರವನ್ನು ಎಷ್ಟು ಸಲ ಬಿಡಿಸುತ್ತಿದ್ದೇವೆ?

ಮೊದಲು ಅಳತೆ

ಸೆಟ್ಟಿಂಗ್ ಮುಟ್ಟುವ ಮುನ್ನ ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಯಾವ ಬದಲಾವಣೆ ಕೆಲಸ ಮಾಡಿತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಲಿನಕ್ಸ್‌ನಲ್ಲಿ ಎಚ್‌ಟಾಪ್ ಸಾಕು. ಮೂರು ಸನ್ನಿವೇಶಗಳಲ್ಲಿ ತಲಾ ಹತ್ತು ನಿಮಿಷದ ಸರಾಸರಿ ನೋಡಿ: ರೆಕಾರ್ಡಿಂಗ್ ತಂತ್ರಾಂಶದ ಕಿಟಕಿ ಮುಚ್ಚಿದ್ದಾಗ, ಕಿಟಕಿ ತೆರೆದು ಎಲ್ಲ ಕ್ಯಾಮೆರಾ ಕಾಣುತ್ತಿರುವಾಗ, ಫೋನಿನಿಂದ ಯಾರಾದರೂ ಲೈವ್ ನೋಡುತ್ತಿರುವಾಗ. ಮೊದಲನೆಯದರಲ್ಲೇ ಹೊರೆ ಹೆಚ್ಚಿದ್ದರೆ ತಪ್ಪು ಡಿಕೋಡಿಂಗ್ ಅಥವಾ ಪತ್ತೆಯ ಕಡೆಗಿದೆ. ಎರಡನೆಯದರಲ್ಲಿ ಜಿಗಿದರೆ ಪರದೆಯದು ಸಮಸ್ಯೆ, ಮೂರನೆಯದರಲ್ಲಿ ಜಿಗಿದರೆ ರೀ-ಎನ್‌ಕೋಡ್. ಹಗಲಿನದ್ದು ಮಾತ್ರ ನೋಡಿ ಬಿಡಬೇಡಿ, ರಾತ್ರಿಯದ್ದೂ ನೋಡಿ; ಇನ್ಫ್ರಾರೆಡ್ ಬೆಳಕಿಗೆ ಮುತ್ತುವ ಹುಳುಗಳು ಚಲನೆ ಪತ್ತೆಯನ್ನು ಎಡೆಬಿಡದೆ ಕೆಣಕುತ್ತಿರುತ್ತವೆ.

ಲಿನಕ್ಸ್‌ನಲ್ಲಿ ಒಂದು ಗೊಂದಲ ಸಾಮಾನ್ಯ. ಲೋಡ್ ಆವರೇಜ್ ಎಂಬ ಅಂಕಿಯಲ್ಲಿ ಡಿಸ್ಕಿಗಾಗಿ ಕಾಯುತ್ತಿರುವ ಕೆಲಸಗಳೂ ಸೇರಿರುತ್ತವೆ. ಪ್ರೊಸೆಸರ್ ಶೇಕಡಾ 20ರಲ್ಲಿದ್ದು ಲೋಡ್ ಆವರೇಜ್ 12 ಇದ್ದರೆ ತಪ್ಪು ಪ್ರೊಸೆಸರಿನದ್ದಲ್ಲ, ಬರೆಯಲಾರದೆ ತಿಣುಕುತ್ತಿರುವ ಡಿಸ್ಕಿನದ್ದು. ಟಾಪ್ ಆದೇಶದ ಸಿಪಿಯು ಸಾಲಿನಲ್ಲಿ 'ಡಬ್ಲ್ಯುಎ' ಅಕ್ಷರಗಳ ಎಡಕ್ಕಿರುವ ಅಂಕಿ ಎರಡಂಕಿಗೆ ಹೋಗಿದ್ದರೆ ಡಿಸ್ಕನ್ನು ಮೊದಲು ವಿಚಾರಿಸಿ.

ಜೊತೆಗೆ ಪ್ರೊಸೆಸರಿನ ವೇಗವನ್ನೂ ಗಮನಿಸಿ. 3 ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದದ್ದು 1.2ರಲ್ಲಿ ಓಡುತ್ತಾ ಶೇಕಡಾ 95 ತೋರಿಸುತ್ತಿದ್ದರೆ ಅದು ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಂಡಿರಬಹುದು. ಹೀಟ್‌ಸಿಂಕಿನ ದೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದ ಮೇಲೆಯೇ ಉಳಿದ ಲೆಕ್ಕಕ್ಕೆ ಅರ್ಥ. ಪವರ್ ಪ್ಲಾನ್ 'ಪವರ್ ಸೇವರ್'ನಲ್ಲಿ ಸಿಕ್ಕಿಕೊಂಡಿಲ್ಲ ಎಂಬುದನ್ನೂ ನೋಡಿಕೊಳ್ಳಿ.

ಬಂದ ಹಾಗೇ ಬರೆಯುವುದು

ರೆಕಾರ್ಡಿಂಗ್ ರೀ-ಎನ್‌ಕೋಡ್ ಇಲ್ಲದೆ ನಡೆಯಬೇಕು. ಇದು ಸರಿಯಾಗದೆ ಉಳಿದ ಯಾವ ಉಪಾಯಕ್ಕೂ ಕೈ ಹಾಕಬೇಡಿ. ಒಂದೊಂದು ತಂತ್ರಾಂಶದಲ್ಲಿ ಇದಕ್ಕೆ ಒಂದೊಂದು ಹೆಸರು. ಬ್ಲೂ ಐರಿಸ್‌ನಲ್ಲಿ ಕ್ಯಾಮೆರಾದ ರೆಕಾರ್ಡ್ ಟ್ಯಾಬ್‌ನಲ್ಲಿರುವ ಫೈಲ್ ಫಾರ್ಮ್ಯಾಟ್ ಕಿಟಕಿಗೆ ಹೋಗಿ 'ಡೈರೆಕ್ಟ್ ಟು ಡಿಸ್ಕ್' ಆರಿಸಿ. ಜೋನ್‌ಮೈಂಡರ್‌ನಲ್ಲಿ ಮಾನಿಟರಿನ (ಅಲ್ಲಿ ಕ್ಯಾಮೆರಾಕ್ಕೆ ಇರುವ ಹೆಸರು) ಸ್ಟೋರೇಜ್ ಟ್ಯಾಬ್‌ನಲ್ಲಿ ವಿಡಿಯೊ ರೈಟರ್ ಅನ್ನು 'ಕ್ಯಾಮೆರಾ ಪಾಸ್‌ಥ್ರೂ' ಮಾಡಿ, ಜೆಪೆಗ್ ಉಳಿಸುವ ಆಯ್ಕೆಯನ್ನು ಮುಚ್ಚಿ; ಪ್ರತಿ ಫ್ರೇಮಿಗೂ ಒಂದು ಜೆಪೆಗ್ ತಯಾರಿಸುವುದು ಸದ್ದಿಲ್ಲದೆ ಪ್ರೊಸೆಸರನ್ನೂ ಡಿಸ್ಕನ್ನೂ ತಿನ್ನುತ್ತದೆ. ಮೋಷನ್ ತಂತ್ರಾಂಶದಲ್ಲಿ ಇದರ ಹೆಸರು 'ಮೂವಿ ಪಾಸ್‌ಥ್ರೂ'. ಫ್ರಿಗೇಟ್ ಮೊದಲಿನಿಂದಲೂ ಬಂದ ವಿಡಿಯೊವನ್ನು ಹಾಗೇ ಬರೆಯುತ್ತದೆ.

ಇದಕ್ಕೆ ಅಡ್ಡ ಬರುವುದು ಚಿತ್ರದ ಮೇಲೆ ದಿನಾಂಕ, ಸಮಯ, ಲೋಗೊ ಅಚ್ಚಾಗಬೇಕೆಂಬ ಆಸೆ. ತಂತ್ರಾಂಶದ ಕೈಯಲ್ಲಿ ಅದನ್ನು ವಿಡಿಯೊದೊಳಗೇ ಬರೆಸಬೇಕೆಂದರೆ ಪ್ರತಿ ಫ್ರೇಮನ್ನೂ ಬಿಡಿಸಿ, ಅಕ್ಷರ ಬರೆದು, ಮತ್ತೆ ಕುಗ್ಗಿಸಬೇಕಾಗುತ್ತದೆ. ಅದೇ ಕೆಲಸವನ್ನು ಕ್ಯಾಮೆರಾದ ಸ್ವಂತ ಓಎಸ್‌ಡಿ (ಚಿತ್ರದ ಮೇಲೆ ಅಕ್ಷರ ಮೂಡಿಸುವ ಸೌಲಭ್ಯ) ಪುಕ್ಕಟೆ ಮಾಡುತ್ತದೆ. ಎಲ್ಲ ಕ್ಯಾಮೆರಾಗಳನ್ನೂ ಒಂದೇ ಎನ್‌ಟಿಪಿ (ಗಡಿಯಾರ ಹೊಂದಿಸುವ) ಸರ್ವರಿಗೆ ಹೊಂದಿಸಿ ಸಮಯವನ್ನು ಕ್ಯಾಮೆರಾದಿಂದಲೇ ಮೂಡಿಸಿ.

ಸಬ್ ಸ್ಟ್ರೀಮ್

ಇಷ್ಟಾದ ಮೇಲೂ ಹೊರೆ ಉಳಿದಿರುತ್ತದೆ, ಏಕೆಂದರೆ ಚಲನೆ ಪತ್ತೆಗೆ ಮುಖ್ಯ ಸ್ಟ್ರೀಮ್ ಇನ್ನೂ ಡಿಕೋಡ್ ಆಗುತ್ತಲೇ ಇದೆ. ಅತಿ ದೊಡ್ಡ ಉಳಿತಾಯ ಸಿಗುವುದು ಇಲ್ಲಿ. ಹೆಚ್ಚಿನ ಐಪಿ ಕ್ಯಾಮೆರಾಗಳು ಒಂದೇ ದೃಶ್ಯವನ್ನು ಎರಡು ಗಾತ್ರಗಳಲ್ಲಿ ಒಟ್ಟಿಗೇ ಕಳಿಸಬಲ್ಲವು. ದೊಡ್ಡದು ಮೇನ್ ಸ್ಟ್ರೀಮ್, ಚಿಕ್ಕದು ಸಬ್ ಸ್ಟ್ರೀಮ್. ದೊಡ್ಡದನ್ನು ಬಿಡಿಸದೆ ಡಿಸ್ಕಿಗೆ ಬರೆಯಿರಿ. ಚಿಕ್ಕದನ್ನು ಬಿಡಿಸಿ ಪತ್ತೆಗೂ ಲೈವ್ ಪರದೆಗೂ ಬಳಸಿ.

ಲೆಕ್ಕ ಹೀಗಿದೆ. 8 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫ್ರೇಮ್ 3840×2160, ಅಂದರೆ 82,94,400 ಪಿಕ್ಸೆಲ್. ಸೆಕೆಂಡಿಗೆ 15 ಫ್ರೇಮ್ ಎಂದರೆ 12.4 ಕೋಟಿ. ಇಂಥ ಆರು ಕ್ಯಾಮೆರಾ ಇದ್ದರೆ ಪ್ರತಿ ಸೆಕೆಂಡೂ ಸುಮಾರು 75 ಕೋಟಿ ಪಿಕ್ಸೆಲ್. ಅದೇ 640×360ರ ಸಬ್ ಸ್ಟ್ರೀಮ್ 5 ಫ್ರೇಮ್‌ನಲ್ಲಿ ಓಡಿದರೆ ಒಂದು ಕ್ಯಾಮೆರಾಕ್ಕೆ ಸೆಕೆಂಡಿಗೆ 11.5 ಲಕ್ಷ, ಆರಕ್ಕೂ ಸೇರಿ 69 ಲಕ್ಷ. 108 ಪಟ್ಟು ಇಳಿಕೆ. ಪ್ರೊಸೆಸರ್ ಹೊರೆ ಇದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಬೇರೆ ಖರ್ಚುಗಳೂ ಇರುತ್ತವೆ. ಆದರೂ ಪ್ರೊಸೆಸರ್ ಬದಲಿಸಿ ಇಷ್ಟು ಗಳಿಸುವುದು ಯಾರಿಂದಲೂ ಆಗದು.

ಮಾಡುವ ಕ್ರಮ:

1. ಬ್ರೌಸರಿನಲ್ಲಿ ಕ್ಯಾಮೆರಾದ ಐಪಿ ವಿಳಾಸ ತೆರೆದು ವಿಡಿಯೊ ಸೆಟ್ಟಿಂಗ್‌ಗೆ ಹೋಗಿ, ಸಬ್ ಸ್ಟ್ರೀಮ್ ಚಾಲೂ ಮಾಡಿ.

2. ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಎಚ್.264 ಇರಲಿ. ಕೆಲವು ಕ್ಯಾಮೆರಾಗಳಲ್ಲಿ ಸಬ್ ಸ್ಟ್ರೀಮ್ ಎಂಜೆಪೆಗ್‌ನಲ್ಲಿ ಬಂದಿರುತ್ತದೆ, ಅದನ್ನು ಬದಲಿಸಿ. ಗಾತ್ರ 640×360, ಫ್ರೇಮ್ ರೇಟ್ 5ರಿಂದ 10, ಬಿಟ್‌ರೇಟ್ 512 ಕೆಬಿಪಿಎಸ್ ಆಸುಪಾಸು ಇಟ್ಟರೆ ಪತ್ತೆಗೂ ಪರದೆಗೂ ಸಾಕು.

3. ಎರಡೂ ಸ್ಟ್ರೀಮ್‌ಗಳ ಉದ್ದಗಲದ ಅನುಪಾತ ಒಂದೇ ಇರಲಿ. ಮೇನ್ 16:9 ಇದ್ದು ಸಬ್ 704×480 ಅಥವಾ 640×480 ಇದ್ದರೆ ಚಿತ್ರ ಹಿಗ್ಗಿದಂತೆ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಬ್ ಮೇಲೆ ಎಳೆದ ಪತ್ತೆ ವಲಯಗಳು ಮೇನ್ ಚಿತ್ರದಲ್ಲಿ ಜರುಗಿದ ಜಾಗ ತೋರಿಸಬಹುದು. ಹೊಂದುವ ಗಾತ್ರ ಕ್ಯಾಮೆರಾದಲ್ಲಿ ಇಲ್ಲದಿದ್ದರೆ ವಲಯಗಳನ್ನು ಸ್ವಲ್ಪ ಸಡಿಲವಾಗಿ ಎಳೆಯಿರಿ.

4. ತಂತ್ರಾಂಶಕ್ಕೆ ಎರಡೂ ಆರ್‌ಟಿಎಸ್‌ಪಿ (ವಿಡಿಯೊ ಸ್ಟ್ರೀಮ್) ವಿಳಾಸ ಕೊಡಿ. ಹಿಕ್‌ವಿಷನ್ ಕ್ಯಾಮೆರಾಗಳಲ್ಲಿ ವಿಳಾಸದ ಕೊನೆಯ 101 ಮೇನ್, 102 ಸಬ್. ದಹುವಾದಲ್ಲಿ 'ಸಬ್‌ಟೈಪ್' 0 ಮೇನ್, 1 ಸಬ್. ಬ್ಲೂ ಐರಿಸ್‌ನಲ್ಲಿ ಕ್ಯಾಮೆರಾದ ವಿಡಿಯೊ ಟ್ಯಾಬ್‌ನಿಂದ ಕಾನ್ಫಿಗರ್ ಕಿಟಕಿ ತೆರೆದರೆ ಸಬ್ ಸ್ಟ್ರೀಮ್‌ಗೆ ಪ್ರತ್ಯೇಕ ಜಾಗವಿದೆ. ಫ್ರಿಗೇಟ್‌ನಲ್ಲಿ ಮೇನ್ ವಿಳಾಸಕ್ಕೆ 'ರೆಕಾರ್ಡ್' ಪಾತ್ರವನ್ನು ಮಾತ್ರ, ಸಬ್ ವಿಳಾಸಕ್ಕೆ 'ಡಿಟೆಕ್ಟ್' ಪಾತ್ರವನ್ನು ಮಾತ್ರ ಕೊಡಿ.

ಫ್ರಿಗೇಟ್ ಬಳಸುವವರು ಹೆಚ್ಚಾಗಿ ಎಡವುವುದು ಈ ನಾಲ್ಕನೆಯ ಹೆಜ್ಜೆಯಲ್ಲೇ. ಮೇನ್ ವಿಳಾಸದ ಕೆಳಗೆ 'ಡಿಟೆಕ್ಟ್' ಪಾತ್ರ ಉಳಿದುಹೋದರೆ ಸಬ್ ಸ್ಟ್ರೀಮ್ ಬರೆದೂ ಪ್ರಯೋಜನವಿಲ್ಲ, ದೊಡ್ಡದೇ ಡಿಕೋಡ್ ಆಗುತ್ತದೆ. ಇನ್ನೊಂದು ಎಡವಟ್ಟು, ಡಿಟೆಕ್ಟ್ ವಿಭಾಗದ ಅಗಲ ಎತ್ತರಗಳು ಸಬ್ ಸ್ಟ್ರೀಮ್‌ನ ನಿಜವಾದ ಗಾತ್ರಕ್ಕೆ ಹೊಂದದಿರುವುದು. ಆಗ ವಿಡಿಯೊ ಬಿಡಿಸುವ ಎಫ್ಎಫ್‌ಎಂಪೆಗ್ ತಂತ್ರಾಂಶ ಪ್ರತಿ ಫ್ರೇಮನ್ನೂ ಹಿಗ್ಗಿಸುತ್ತಾ ಕುಗ್ಗಿಸುತ್ತಾ ಕೂರುತ್ತದೆ. ಕ್ಯಾಮೆರಾದಲ್ಲಿ 640×360 ಎಂದಿದ್ದರೆ ಇಲ್ಲೂ ಅಷ್ಟೇ ಬರೆಯಿರಿ.

ಸಬ್ ಸ್ಟ್ರೀಮ್ ಸಾಲದ ಜಾಗಗಳೂ ಇವೆ. ಉದ್ದನೆಯ ಅಂಗಳವನ್ನೋ ಗೇಟಿನಾಚೆಗಿನ ದಾರಿಯನ್ನೋ ನೋಡುವ ಕ್ಯಾಮೆರಾ ಎಂದಿಟ್ಟುಕೊಳ್ಳಿ. ದೂರದ ತುದಿಯಲ್ಲಿ ಅದರ ನೋಟ 20 ಮೀಟರ್ ಅಗಲ ಇದ್ದರೆ, 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಮೀಟರಿಗೆ 32 ಪಿಕ್ಸೆಲ್ ಬೀಳುತ್ತದೆ. ಅಲ್ಲಿ ನಿಂತ ಅರ್ಧ ಮೀಟರ್ ಅಗಲದ ಮನುಷ್ಯ 16 ಪಿಕ್ಸೆಲ್ ಅಗಲ, 54 ಪಿಕ್ಸೆಲ್ ಎತ್ತರದ ಮಸುಕು ಕಡ್ಡಿ. ಎಐ ಅವನನ್ನು ಕಂಬ ಎಂದುಕೊಂಡರೆ ಆಶ್ಚರ್ಯವಿಲ್ಲ. ಅಂಥ ಒಂದೆರಡು ಕ್ಯಾಮೆರಾಗಳಿಗೆ ಮಾತ್ರ 1280×720 ಕೊಡಿ. ಕೆಲವು ಕ್ಯಾಮೆರಾಗಳಲ್ಲಿ ಇದಕ್ಕೆಂದೇ ಮೂರನೆಯ ಸ್ಟ್ರೀಮ್ ಇರುತ್ತದೆ. ಬಾಗಿಲ ಎದುರಿನ, ಐದಾರು ಮೀಟರಿನೊಳಗೆ ನೋಡುವ ಕ್ಯಾಮೆರಾಗಳಿಗೆ 640×360 ಧಾರಾಳ. ಎಲ್ಲದಕ್ಕೂ 720 ಕೊಟ್ಟುಬಿಡುವುದು ಸುಲಭ, ಆದರೆ ಪಿಕ್ಸೆಲ್ ಲೆಕ್ಕ ನಾಲ್ಕು ಪಟ್ಟು ಏರುತ್ತದೆ.

ಕ್ಯಾಮೆರಾದೊಳಗಿನ ಉಳಿದ ಸೆಟ್ಟಿಂಗ್‌ಗಳು

ಮೇನ್ ಸ್ಟ್ರೀಮ್‌ಗೆ 15 ಫ್ರೇಮ್ ಸಾಕು, 10 ಇದ್ದರೂ ನಡೆಯುತ್ತದೆ. ಸಾಮಾನ್ಯವಾಗಿ ನಡೆಯುವ ಮನುಷ್ಯ ಸೆಕೆಂಡಿಗೆ 1.4 ಮೀಟರ್ ಸಾಗುತ್ತಾನೆ. 15 ಫ್ರೇಮ್‌ನಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅವನು ಜರುಗುವುದು 9 ಸೆಂಟಿಮೀಟರ್. ಮುಖ ಮಸುಕಾಗಿ ಬರುತ್ತದೆಂದು ಫ್ರೇಮ್ ರೇಟನ್ನು 30ಕ್ಕೆ ಏರಿಸುವವರಿದ್ದಾರೆ. ಮಸುಕಿಗೆ ಕಾರಣ ಫ್ರೇಮ್ ರೇಟ್ ಅಲ್ಲ, ಶಟರ್. ಶಟರ್ 1/30 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲೇ ಆತ ಸುಮಾರು 5 ಸೆಂಟಿಮೀಟರ್ ಚಲಿಸಿರುತ್ತಾನೆ. ಸೆಕೆಂಡಿಗೆ ಎಷ್ಟೇ ಫ್ರೇಮ್ ತೆಗೆದರೂ ಪ್ರತಿಯೊಂದೂ ಅಷ್ಟೇ ಮಸುಕು. ಶಟರ್ 1/100ಕ್ಕೆ ತಂದು, ರಾತ್ರಿಗೆ ಬೆಳಕು ಹೆಚ್ಚಿಸಿ. ಪ್ರೊಸೆಸರಿಗೆ ಕೆಲಸ ಹೆಚ್ಚದೆ ಚಿತ್ರ ಸ್ಪಷ್ಟವಾಗುತ್ತದೆ.

ಫ್ರೇಮ್ ರೇಟ್ ಇಳಿಸುವುದನ್ನು ಕ್ಯಾಮೆರಾದಲ್ಲೇ ಮಾಡಿ, ತಂತ್ರಾಂಶದಲ್ಲಲ್ಲ. ಕ್ಯಾಮೆರಾ 25 ಫ್ರೇಮ್ ಕಳಿಸುತ್ತಿರುವಾಗ ತಂತ್ರಾಂಶದಲ್ಲಿ 10ಕ್ಕೆ ಮಿತಿ ಹಾಕಿದರೆ ಉಳಿದ 15 ಫ್ರೇಮ್‌ಗಳ ಡಿಕೋಡಿಂಗ್ ಹೆಚ್ಚಾಗಿ ತಪ್ಪುವುದಿಲ್ಲ, ಏಕೆಂದರೆ ಮುಂದಿನ ಫ್ರೇಮ್ ಹಿಂದಿನದನ್ನು ಆಧರಿಸಿರುತ್ತದೆ. ಜೋನ್‌ಮೈಂಡರ್‌ನ 'ಮ್ಯಾಕ್ಸಿಮಮ್ ಎಫ್‌ಪಿಎಸ್' ಜಾಗವನ್ನು ಐಪಿ ಕ್ಯಾಮೆರಾಗಳಿಗೆ ಖಾಲಿ ಬಿಡಬೇಕೆನ್ನುವುದೂ ಇದಕ್ಕೇ. ಓದುವ ವೇಗ ಬರುವ ವೇಗಕ್ಕಿಂತ ಕಡಿಮೆಯಾದರೆ ಫ್ರೇಮ್‌ಗಳು ರಾಶಿ ಬಿದ್ದು ಚಿತ್ರ ಹರಿದುಹೋಗುತ್ತದೆ.

ಕೀಫ್ರೇಮ್ ಅಂತರ, ಅಂದರೆ ಐ-ಫ್ರೇಮ್ ಇಂಟರ್ವಲ್, ಫ್ರೇಮ್ ರೇಟಿನಷ್ಟೇ ಇರಲಿ. 15 ಫ್ರೇಮ್‌ಗೆ 15 ಇಟ್ಟರೆ ಸೆಕೆಂಡಿಗೊಂದು ಪೂರ್ಣ ಚಿತ್ರ. ಹೆಚ್ಚೆಂದರೆ ಎರಡು ಪಟ್ಟು ಇರಬಹುದು. ಡಿಕೋಡ್ ಮಾಡದೆ ಬರೆಯುವಾಗ ತುಣುಕು ಶುರುವಾಗಬೇಕಾದದ್ದು ಕೀಫ್ರೇಮ್‌ನಿಂದಲೇ. ಅಂತರ 150 ಇದ್ದರೆ ಹತ್ತು ಸೆಕೆಂಡಿಗೊಮ್ಮೆ ಮಾತ್ರ ಅದು ಸಿಗುತ್ತದೆ; ಕಳ್ಳ ಬಂದು ಹೋದ ಮೇಲೆ ರೆಕಾರ್ಡಿಂಗ್ ಆರಂಭವಾಗುವುದಕ್ಕೆ ಇದೊಂದು ಸಾಕು. ಬ್ಲೂ ಐರಿಸ್‌ನ ಸ್ಟೇಟಸ್ ಕಿಟಕಿಯ ಕ್ಯಾಮೆರಾ ಪಟ್ಟಿಯಲ್ಲಿ ಫ್ರೇಮ್ ರೇಟಿನ ಪಕ್ಕ ಓರೆಗೆರೆಯಾಚೆ ಇನ್ನೊಂದು ಅಂಕಿ ಇರುತ್ತದೆ, ಅದೇ ಕೀಫ್ರೇಮ್ ದರ. ಅದು 1.00ರ ಹತ್ತಿರ ಇರಬೇಕು, 0.5ಕ್ಕಿಂತ ಕೆಳಗಿದ್ದರೆ ಕ್ಯಾಮೆರಾ ಸರಿಪಡಿಸಿ. ಇದೇ ಕಾರಣಕ್ಕೆ ಎಚ್.264+, ಎಚ್.265+, 'ಸ್ಮಾರ್ಟ್ ಕೋಡೆಕ್' ಎಂಬ ಆಯ್ಕೆಗಳನ್ನು ಮುಚ್ಚಿ. ದೃಶ್ಯ ಸ್ತಬ್ಧವಾಗಿದ್ದಾಗ ಇವು ಕೀಫ್ರೇಮ್ ಅಂತರವನ್ನು ತಮಗೆ ತೋಚಿದಂತೆ ಹಿಗ್ಗಿಸುತ್ತವೆ.

ಎಚ್.264ಓ ಎಚ್.265ಓ? ಎಚ್.265 ಡಿಸ್ಕಿನ ಜಾಗ ಉಳಿಸುತ್ತದೆ, ಬಿಡಿಸುವ ಶ್ರಮ ಹೆಚ್ಚು. ಮೇನ್ ಸ್ಟ್ರೀಮ್ ಬರೀ ಡಿಸ್ಕಿಗೆ ಹೋಗುವಂತಿದ್ದರೆ ಆ ಶ್ರಮ ಬೀಳುವುದು ಹಳೆಯ ತುಣುಕು ನೋಡುವಾಗ ಮಾತ್ರ. 4 ಎಂಬಿಪಿಎಸ್‌ನ ಒಂದು ಸ್ಟ್ರೀಮ್ ದಿನಕ್ಕೆ 43 ಜಿಬಿ ತಿನ್ನುತ್ತದೆ, ಆರು ಕ್ಯಾಮೆರಾಕ್ಕೆ ಸುಮಾರು 260 ಜಿಬಿ. ಡಿಸ್ಕ್ ಸಾಲದಿದ್ದರೆ ಮೇನ್‌ಗೆ ಎಚ್.265 ಸರಿ. ಸಬ್ ಸ್ಟ್ರೀಮ್‌ಗೆ ಮಾತ್ರ ಎಚ್.264 ಬಿಟ್ಟು ಬೇರೆ ಬೇಡ.

ಹಾರ್ಡ್‌ವೇರ್ ಡಿಕೋಡಿಂಗ್

ಇಂಟೆಲ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ನಲ್ಲಿ ವಿಡಿಯೊ ಬಿಡಿಸಲೆಂದೇ ಒಂದು ಪ್ರತ್ಯೇಕ ಭಾಗವಿದೆ, ಕ್ವಿಕ್ ಸಿಂಕ್. 2011ರ 2ನೇ ತಲೆಮಾರಿನಿಂದ ಎಚ್.264 ಇದರಲ್ಲಿ ನಡೆಯುತ್ತದೆ. ಎಚ್.265ಕ್ಕೆ 2015ರ 6ನೇ ತಲೆಮಾರಾದರೂ ಬೇಕು. 10 ಬಿಟ್ ಎಚ್.265 ಇದ್ದರೆ 7ನೇದು. ಹೆಸರಿನ ಕೊನೆಯಲ್ಲಿ 'ಎಫ್' ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಈ ಗ್ರಾಫಿಕ್ಸ್ ಭಾಗವೇ ಕೆಲಸ ಮಾಡುವುದಿಲ್ಲ, ಈ ಕೆಲಸಕ್ಕೆ ಅವನ್ನು ಕೊಳ್ಳಬೇಡಿ. ಎನ್ವಿಡಿಯಾ ಕಾರ್ಡುಗಳಲ್ಲಿ ಎನ್‌ವಿಡೆಕ್ ಇದೇ ಕೆಲಸ ಮಾಡುತ್ತದೆ. ಎಎಮ್‌ಡಿಯಾದರೆ ಲಿನಕ್ಸ್‌ನಲ್ಲಿ ವಿಎಎಪಿಐ, ವಿಂಡೋಸ್‌ನಲ್ಲಿ ಡೈರೆಕ್ಟ್‌ಎಕ್ಸ್ ಆಯ್ಕೆ ಬಳಸಿ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿದ ಯಂತ್ರಗಳಲ್ಲಿ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನು ಬಯೋಸ್ ಮುಚ್ಚಿಬಿಟ್ಟಿರಬಹುದು. ಬಯೋಸ್‌ನಲ್ಲಿ 'ಐಜಿಪಿಯು ಮಲ್ಟಿ ಮಾನಿಟರ್' ಎಂಬಂಥ ಆಯ್ಕೆ ಹುಡುಕಿ ಚಾಲೂ ಮಾಡಿ. ಡಾಕರ್‌ನಲ್ಲಿ ಫ್ರಿಗೇಟ್ ಓಡಿಸುವವರು ಗ್ರಾಫಿಕ್ಸ್‌ಗೆ ದಾರಿಯಾಗುವ ಡಿಆರ್‌ಐ ಸಾಧನವನ್ನು ಕಂಟೇನರಿನ ಒಳಕ್ಕೆ ಕೊಟ್ಟಿರಬೇಕು. ವರ್ಚುವಲ್ ಮಷಿನ್ ಆಗಿದ್ದರೆ ಗ್ರಾಫಿಕ್ಸ್ ಸಾಧನವನ್ನು ಅದಕ್ಕೆ ದಾಟಿಸದೆ ಇದು ಆಗುವುದಿಲ್ಲ.

ಆಯ್ಕೆ ಮಾಡಿದ ಮಾತ್ರಕ್ಕೆ ಅದು ನಡೆಯುತ್ತಿದೆ ಎಂದು ನಂಬಬೇಡಿ. ಹಾರ್ಡ್‌ವೇರ್ ಒಪ್ಪದಿದ್ದರೆ ಕೆಲವು ತಂತ್ರಾಂಶಗಳು ಏನೂ ಹೇಳದೆ ಪ್ರೊಸೆಸರಿಗೇ ಮರಳುತ್ತವೆ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು ಆರಿಸಿ 'ವಿಡಿಯೊ ಡಿಕೋಡ್' ನಕ್ಷೆ ನೋಡಿ. ಅದು ಸೊನ್ನೆಯಲ್ಲಿ ಮಲಗಿದ್ದರೆ ಏನೂ ನಡೆಯುತ್ತಿಲ್ಲ. ಲಿನಕ್ಸ್‌ನಲ್ಲಿ ಇಂಟೆಲ್ ಜಿಪಿಯು ಟಾಪ್ ಆದೇಶದ 'ವಿಡಿಯೊ' ಸಾಲು ಅಲುಗಾಡುತ್ತಿರಬೇಕು.

ಹೀಗಿದ್ದರೂ ಹಾರ್ಡ್‌ವೇರ್ ಡಿಕೋಡಿಂಗನ್ನು ಸಬ್ ಸ್ಟ್ರೀಮ್‌ಗಿಂತ ಹಿಂದಕ್ಕೆ ಇಟ್ಟದ್ದು ಬೇಕೆಂದೇ. ಗ್ರಾಫಿಕ್ಸ್ ಬಿಡಿಸಿದ ಚಿತ್ರ ಪತ್ತೆಗಾಗಿ ಮತ್ತೆ ಮೆಮೊರಿಗೆ ಬರಲೇಬೇಕು. 8 ಮೆಗಾಪಿಕ್ಸೆಲ್‌ನ ಒಂದು ಬಿಡಿಸಿದ ಫ್ರೇಮ್ 12.4 ಎಂಬಿ, 15 ಫ್ರೇಮ್ ಎಂದರೆ ಒಂದೇ ಕ್ಯಾಮೆರಾದಿಂದ ಸೆಕೆಂಡಿಗೆ 187 ಎಂಬಿ ಸಾಗಣೆ. ಆರು ಕ್ಯಾಮೆರಾಕ್ಕೆ 1 ಜಿಬಿ ದಾಟುತ್ತದೆ, ಅದನ್ನು ಓದಿ ಹೋಲಿಸುವ ಕೆಲಸ ಇನ್ನೂ ಬಾಕಿ. ಸಬ್ ಸ್ಟ್ರೀಮ್ ಹಾಕಿದ ಮೇಲೆ ಇವೆಲ್ಲ ಎಷ್ಟು ಚಿಕ್ಕದಾಗುತ್ತದೆಂದರೆ, ಎಂಟು ಹತ್ತು ಕ್ಯಾಮೆರಾವರೆಗೆ ಹಾರ್ಡ್‌ವೇರ್ ಡಿಕೋಡಿಂಗ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಗ್ರಾಫಿಕ್ಸ್ ಡ್ರೈವರಿನ ತೊಂದರೆಯಿಂದ ಮೆಮೊರಿ ದಿನೇದಿನೇ ಏರುತ್ತಿದ್ದರೆ ಹಾರ್ಡ್‌ವೇರ್ ಡಿಕೋಡಿಂಗನ್ನು ಮುಚ್ಚಿಬಿಡುವುದೇ ಜಾಣತನ. ಅಂದಹಾಗೆ, ಒಳಗಿನ ಗ್ರಾಫಿಕ್ಸ್ ಬಳಸುವುದು ಕಂಪ್ಯೂಟರಿನ ಮೆಮೊರಿಯನ್ನೇ. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಡ್ಯುಯಲ್ ಚಾನೆಲ್‌ನಲ್ಲಿ ಇರುವುದು ಮೇಲು.

ಚಲನೆ ಪತ್ತೆ ಮತ್ತು ಎಐ

ಈಗಿನ ಅನೇಕ ಕ್ಯಾಮೆರಾಗಳು ಮನುಷ್ಯ, ವಾಹನ ಎಂದು ತಾವೇ ಗುರುತಿಸಿ ಓಎನ್‌ವಿಐಎಫ್ (ಕ್ಯಾಮೆರಾಗಳ ಸಾಮಾನ್ಯ ಸಂಪರ್ಕ ನಿಯಮ) ಮೂಲಕ ಸುದ್ದಿ ಕಳಿಸುತ್ತವೆ. ಆ ಸುದ್ದಿಯಿಂದಲೇ ರೆಕಾರ್ಡಿಂಗ್ ಶುರುವಾಗುವಂತೆ ಮಾಡಿದರೆ ಕಂಪ್ಯೂಟರಿನಲ್ಲಿ ಪತ್ತೆಯನ್ನು ಪೂರ್ತಿ ನಿಲ್ಲಿಸಬಹುದು. ಬ್ಲೂ ಐರಿಸ್‌ನ 'ಲಿಮಿಟ್ ಡಿಕೋಡಿಂಗ್ ಅನ್‌ಲೆಸ್ ರಿಕ್ವೈರ್ಡ್' ಆಯ್ಕೆ ಇಂಥ ಕ್ಯಾಮೆರಾಗಳಿಗೆ ಹೇಳಿ ಮಾಡಿಸಿದ್ದು. ಬೇಕಾಗುವವರೆಗೆ ಅದು ಕೀಫ್ರೇಮ್‌ಗಳನ್ನಷ್ಟೇ ಬಿಡಿಸುತ್ತದೆ. ಆದರೆ ಕಂಪ್ಯೂಟರೇ ಚಲನೆ ಪತ್ತೆ ಮಾಡುತ್ತಿರುವ ಕ್ಯಾಮೆರಾಕ್ಕೆ ಇದನ್ನು ಹಾಕಬೇಡಿ. ಸೆಕೆಂಡಿಗೆ ಒಂದೇ ಚಿತ್ರ ನೋಡಿ ಓಡುವವನನ್ನು ಹಿಡಿಯಲಾಗುವುದಿಲ್ಲ.

ಕಂಪ್ಯೂಟರಿನಲ್ಲೇ ಪತ್ತೆ ಬೇಕೆಂದರೆ ಮಾಸ್ಕ್ ಎಳೆಯಲು ಸಮಯ ಕೊಡಿ. ಗಾಳಿಗೆ ಅಲುಗುವ ಕೊಂಬೆ, ಬಾವುಟ, ಆಕಾಶ, ಓಎಸ್‌ಡಿಯ ಓಡುವ ಸೆಕೆಂಡಿನ ಅಂಕಿಗಳು, ಎಲ್ಲವನ್ನೂ ಮುಚ್ಚಿ. ಪ್ರತಿ ಸುಳ್ಳು ಚಲನೆಯೂ ಎಐಗೆ ಒಂದು ಕರೆ. ಲೆನ್ಸಿನ ಮುಂದೆ ಜೇಡ ಕಟ್ಟಿದ ಬಲೆಯೊಂದು ಇನ್ಫ್ರಾರೆಡ್ ಬೆಳಕಿನಲ್ಲಿ ಹೊಳೆದು ತೂಗಾಡುತ್ತಿದ್ದರೆ ಆ ಒಂದು ಕ್ಯಾಮೆರಾ ರಾತ್ರಿಯಿಡೀ ಎಐಯನ್ನು ಓಡಿಸುತ್ತದೆ. ರಾತ್ರಿ ಗೇನ್ (ಕತ್ತಲಲ್ಲಿ ಸಂಕೇತ ಹಿಗ್ಗಿಸುವ ಮಟ್ಟ) ಹೆಚ್ಚಿಟ್ಟಾಗ ಚಿತ್ರದಲ್ಲಿ ಕುದಿಯುವ ಕಾಳುಗಳೂ ಇದೇ ಗುಂಪಿಗೆ ಸೇರಿದವು, ಗೇನ್ ತಗ್ಗಿಸಿ.

ಎಐ ಕೆಲಸವನ್ನು ಪ್ರೊಸೆಸರಿನ ಕೋರ್‌ಗಳ ಮೇಲೆ ಹೇರಬೇಡಿ. ಒಂದು ಚಿತ್ರ ಪರೀಕ್ಷಿಸಲು 100 ಮಿಲಿಸೆಕೆಂಡ್ ಬೇಕಾದರೆ ಸೆಕೆಂಡಿಗೆ ಹತ್ತೇ ಚಿತ್ರ. ಐದು ಕ್ಯಾಮೆರಾಗಳಲ್ಲಿ ಒಟ್ಟಿಗೆ ಚಲನೆ ಇದ್ದು ತಲಾ 5 ಫ್ರೇಮ್ ಎಂದರೆ ಸೆಕೆಂಡಿಗೆ ಕನಿಷ್ಠ 25 ಚಿತ್ರ ಸರದಿಗೆ ಬರುತ್ತವೆ. ಒಂದು ಪರೀಕ್ಷೆಗೆ 10 ಮಿಲಿಸೆಕೆಂಡ್ ಸಾಕಾದರೆ ಸೆಕೆಂಡಿಗೆ 100, ತೊಂದರೆ ಇಲ್ಲ. 6ನೇ ತಲೆಮಾರು ಅಥವಾ ಅದರ ನಂತರದ ಇಂಟೆಲ್ ಇದ್ದರೆ ಫ್ರಿಗೇಟ್‌ನಲ್ಲಿ ಓಪನ್‌ವಿನೊ (ಇಂಟೆಲ್‌ನ ಎಐ ತಂತ್ರಾಂಶ) ಪತ್ತೆಯನ್ನು ಒಳಗಿನ ಗ್ರಾಫಿಕ್ಸ್ ಮೇಲೆ ಓಡಿಸಿ. ಹೆಚ್ಚಿನ ಮನೆಗಳಿಗೆ ಬೇರೆ ಸಾಧನ ಬೇಕಾಗುವುದಿಲ್ಲ. ಅದಿಲ್ಲದವರಿಗೆ ಯುಎಸ್‌ಬಿ ಕೋರಲ್ (ಎಐ ಕೆಲಸಕ್ಕೆಂದೇ ಇರುವ ಪುಟ್ಟ ಸಾಧನ) ಅಥವಾ ಎನ್ವಿಡಿಯಾ ಕಾರ್ಡ್. ಫ್ರಿಗೇಟ್‌ನ ಸಿಸ್ಟಮ್ ಪುಟದಲ್ಲಿ ಇನ್‌ಫರೆನ್ಸ್ ವೇಗವೂ (ಒಂದು ಚಿತ್ರ ಪರೀಕ್ಷಿಸಲು ಹಿಡಿದ ಸಮಯ) ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕವೂ ಕಾಣುತ್ತದೆ. ಎರಡನೆಯದು ಸೊನ್ನೆಯ ಹತ್ತಿರವೇ ಇರಬೇಕು. ಡಿಟೆಕ್ಟ್ ಫ್ರೇಮ್ ರೇಟನ್ನು 5ಕ್ಕಿಂತ ಮೇಲೆ ಒಯ್ಯುವ ಅಗತ್ಯ ವಿರಳ. ಪತ್ತೆಗೆ 4ಕೆ ಚಿತ್ರ ಕೊಟ್ಟರೆ ನಿಖರತೆ ಹೆಚ್ಚುತ್ತದೆ ಎಂಬ ನಂಬಿಕೆಯೂ ಬೇಡ. ಇಂಥ ಮಾದರಿಗಳು ಚಿತ್ರವನ್ನು 320×320 ಅಥವಾ 640×640ಕ್ಕೆ ಇಳಿಸಿಕೊಂಡೇ ನೋಡುವುದು.

ನೋಡುವಾಗಿನ ಹೊರೆ

1920×1080ರ ಪರದೆಯಲ್ಲಿ ಒಂಬತ್ತು ಕ್ಯಾಮೆರಾಗಳನ್ನು ಮೂರು ಸಾಲಾಗಿ ಜೋಡಿಸಿದರೆ ಪ್ರತಿ ಚೌಕ ಸರಿಯಾಗಿ 640×360. ಅಲ್ಲಿ ಮೇನ್ ಸ್ಟ್ರೀಮ್ ಹಾಕಿದರೂ ಕಣ್ಣಿಗೆ ಸಿಗುವುದು ಅಷ್ಟೇ ಪಿಕ್ಸೆಲ್. ಗ್ರಿಡ್ಡಿಗೆ ಸಬ್, ಒಂದನ್ನು ದೊಡ್ಡದು ಮಾಡಿದಾಗ ಮಾತ್ರ ಮೇನ್. ಬ್ಲೂ ಐರಿಸ್ ಸಬ್ ಸ್ಟ್ರೀಮ್ ಕೊಟ್ಟ ಮೇಲೆ ಹೀಗೆಯೇ ನಡೆದುಕೊಳ್ಳುತ್ತದೆ, ಆದ್ದರಿಂದ ಒಂದು ಕ್ಯಾಮೆರಾವನ್ನು ದೊಡ್ಡದು ಮಾಡಿಟ್ಟು ಎದ್ದು ಹೋಗಬೇಡಿ. ತಂತ್ರಾಂಶವನ್ನು ವಿಂಡೋಸ್ ಸರ್ವಿಸ್ ಆಗಿ ಓಡಿಸಿ, ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚಿ; ರೆಕಾರ್ಡಿಂಗ್ ಹಿನ್ನೆಲೆಯಲ್ಲಿ ಮುಂದುವರಿಯುತ್ತದೆ. ಇಡೀ ದಿನ ಗೋಡೆಯ ಪರದೆಯಲ್ಲಿ ತೋರಿಸಬೇಕಿದ್ದರೆ ಲೈವ್ ಪ್ರಿವ್ಯೂ ದರಕ್ಕೆ 10ರ ಮಿತಿ ಹಾಕಿ.

ಫೋನಿನಿಂದ, ಬ್ರೌಸರಿನಿಂದ ನೋಡುವಾಗ ಬ್ಲೂ ಐರಿಸ್ ಚಿತ್ರವನ್ನು ಸಾಮಾನ್ಯವಾಗಿ ಮತ್ತೆ ಎನ್‌ಕೋಡ್ ಮಾಡಿ ಕಳಿಸುತ್ತದೆ. ಅದರ ವೆಬ್ ಪುಟದ ಗುಣಮಟ್ಟವನ್ನು 4ಕೆಯಲ್ಲಿಟ್ಟು ಮೂರು ಸಾಧನಗಳಲ್ಲಿ ತೆರೆದಿಟ್ಟರೆ ಹಿಂದಿನ ಉಳಿತಾಯವೆಲ್ಲ ನೀರುಪಾಲು. 720 ಅಥವಾ 1080ಕ್ಕೆ ಇಳಿಸಿ. ಫ್ರಿಗೇಟ್ ಜೊತೆಗಿರುವ ಗೋ2ಆರ್‌ಟಿಸಿ ಎಚ್.264 ಸ್ಟ್ರೀಮನ್ನು ಮುಟ್ಟದೆ ಹಾಗೇ ದಾಟಿಸುತ್ತದೆ, ಕ್ಯಾಮೆರಾಕ್ಕೆ ಒಂದೇ ಸಂಪರ್ಕ ಇಟ್ಟುಕೊಂಡು ಅದನ್ನೇ ಎಲ್ಲರಿಗೂ ಹಂಚುತ್ತದೆ. ಎಚ್.265 ಆಗಿದ್ದರೆ ಕೆಲವು ಬ್ರೌಸರುಗಳು ಒಪ್ಪುವುದಿಲ್ಲ. ಆಗ ಎಫ್ಎಫ್‌ಎಂಪೆಗ್‌ಗೆ ಬದಲಿಸಲು ಹೇಳಿದರೆ ಪ್ರೊಸೆಸರ್ ಮತ್ತೆ ಮೇಲೇಳುತ್ತದೆ. ಸಬ್ ಸ್ಟ್ರೀಮ್ ಎಚ್.264 ಇರಲಿ ಎಂದದ್ದರ ಇನ್ನೊಂದು ಫಲ ಇದು.

ಸುತ್ತಮುತ್ತಲ ಕೆಲಸಗಳು

ಆಂಟಿವೈರಸ್ ಪ್ರತಿ ಹೊಸ ವಿಡಿಯೊ ಫೈಲನ್ನೂ ಓದಿ ಪರೀಕ್ಷಿಸುತ್ತಿರುತ್ತದೆ. ವಿಂಡೋಸ್ ಡಿಫೆಂಡರ್‌ನಲ್ಲಿ ರೆಕಾರ್ಡಿಂಗ್ ಫೋಲ್ಡರನ್ನೂ ತಂತ್ರಾಂಶದ ಪ್ರೋಗ್ರಾಮನ್ನೂ ಹೊರಗಿಡಿ. ಆ ಡ್ರೈವಿನ ಸರ್ಚ್ ಇಂಡೆಕ್ಸಿಂಗ್ ಮುಚ್ಚಿ, ಕ್ಲೌಡ್ ಸಿಂಕ್ ಫೋಲ್ಡರಿನೊಳಗೆ ರೆಕಾರ್ಡಿಂಗ್ ಇಡಬೇಡಿ. ಡೇಟಾಬೇಸ್ ಎಸ್‌ಎಸ್‌ಡಿಯಲ್ಲಿ, ವಿಡಿಯೊ ಹಾರ್ಡ್ ಡಿಸ್ಕ್‌ನಲ್ಲಿ ಇದ್ದರೆ ಸರಿ. ಹಗಲಿರುಳು ಬರೆಯುವ ಕೆಲಸಕ್ಕೆ ದತ್ತಾಂಶದ ಸಾಲುಗಳನ್ನು ಒಂದರ ಮೇಲೊಂದು ಚಾಚಿ ಬರೆಯುವ ಎಸ್‌ಎಂಆರ್ ಬಗೆಯ ಡಿಸ್ಕ್ ಹೊಂದುವುದಿಲ್ಲ, ಹಾಗೆ ಚಾಚದ ಸಿಎಂಆರ್ ಇರಲಿ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರಯಾರಿಟಿ ಏರಿಸುವುದು, ಕೋರ್‌ಗಳನ್ನು ಹಂಚಿ ಕಟ್ಟುವುದು, ಇವುಗಳಿಂದ ಕೆಲಸ ಕಡಿಮೆಯಾಗುವುದಿಲ್ಲ, ಸರದಿ ಬದಲಾಗುತ್ತದೆ ಅಷ್ಟೇ.

ಇಷ್ಟೂ ಆದ ಮೇಲೆ ಮೊದಲಿನ ಮೂರು ಸನ್ನಿವೇಶಗಳಲ್ಲಿ ಮತ್ತೆ ಅಳೆಯಿರಿ. ಕಿಟಕಿ ಮುಚ್ಚಿದಾಗಿನ ಸರಾಸರಿ ಶೇಕಡಾ 30ರೊಳಗಿದ್ದರೆ ಮಳೆಯ ರಾತ್ರಿಗೂ, ಹಳೆಯ ತುಣುಕನ್ನು ವೇಗವಾಗಿ ಓಡಿಸಿ ನೋಡುವುದಕ್ಕೂ ಸಾಕಷ್ಟು ಜಾಗ ಉಳಿಯುತ್ತದೆ. ಆಗಲೂ 60 ದಾಟುತ್ತಿದ್ದರೆ ಯಂತ್ರ ನಿಜಕ್ಕೂ ಚಿಕ್ಕದು, ಬದಲಿಸಿ. 2017ರ 8ನೇ ತಲೆಮಾರಿನ ಡೆಸ್ಕ್‌ಟಾಪ್ ಐ5ನಲ್ಲಿ ಕೋರ್‌ಗಳು ನಾಲ್ಕರಿಂದ ಆರಕ್ಕೆ ಏರಿದವು. ಬಳಸಿದ ಯಂತ್ರ ಕೊಳ್ಳುವವರಿಗೆ ಅಲ್ಲಿಂದ ಮೇಲಿನದ್ದು ಒಳ್ಳೆಯ ಆಯ್ಕೆ. ಇಂಟೆಲ್ ಎನ್100ರಂಥ 6 ವ್ಯಾಟ್‌ನ ಪುಟ್ಟ ಪ್ರೊಸೆಸರಿನಲ್ಲೂ ಸಬ್ ಸ್ಟ್ರೀಮ್ ಮತ್ತು ಓಪನ್‌ವಿನೊ ಜೊತೆ ಐದಾರು ಕ್ಯಾಮೆರಾ ನಡೆಸಬಹುದು, ಆದರೆ ಅದರ ಮೆಮೊರಿ ಒಂದೇ ಚಾನೆಲ್ ಎಂಬುದು ನೆನಪಿರಲಿ.

ವಿಂಡೋಸ್ ಅಥವಾ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮರುದಿನ 'ವಿಡಿಯೊ ಡಿಕೋಡ್' ನಕ್ಷೆಯನ್ನು ಒಮ್ಮೆ ತೆರೆದು ನೋಡಿ. ಕ್ಯಾಮೆರಾದ ಫರ್ಮ್‌ವೇರ್ ಅಪ್‌ಡೇಟ್ ಆಗಿದ್ದರೆ ಸಬ್ ಸ್ಟ್ರೀಮ್‌ನ ಗಾತ್ರ, ಕೀಫ್ರೇಮ್ ಅಂತರ, ಸ್ಮಾರ್ಟ್ ಕೋಡೆಕ್ ಮೂರನ್ನೂ ಪರೀಕ್ಷಿಸಿ. ಕೆಲವು ಕ್ಯಾಮೆರಾಗಳು ಇವನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸಿಬಿಟ್ಟಿರುತ್ತವೆ.